ಮೆಥೊಡಿಸ್ಟ್ ಸಭೆಗೆ ಬರುವ ಹೊಸಬರನ್ನು ಬರಮಾಡಿಕೊಳ್ಳುವ ಬಗೆ: ಕೊಡಗಿನ ಸಣ್ಣ ಸಭೆಗಳಿಗಾಗಿ

ಕೊಡಗಿನವರಿಗೆ ಅತಿಥಿಸತ್ಕಾರವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಯಲ್ಲಿ ನೆನೆದು ಬಂದವರನ್ನು ಒಲೆಯ ಬಳಿ ಕೂರಿಸಿ, ಬೆಲ್ಲದ ಕಾಪಿ ಕೊಟ್ಟು, ಆಮೇಲಷ್ಟೇ ಯಾವ ಊರು, ಯಾರ ಮನೆಯವರು ಎಂದು ವಿಚಾರಿಸುವುದು ಇಲ್ಲಿನ ರೂಢಿ. ಆದರೂ ನಮ್ಮ ಸಣ್ಣ ಮೆಥೊಡಿಸ್ಟ್ ಕ್ರೈಸ್ತ ಸಭೆಗೆ ಒಮ್ಮೆ ಬಂದು ಎರಡನೆಯ ಸಲ ಬಾರದೆ ಉಳಿದವರು ಇದ್ದಾರೆ. ಅವರಲ್ಲಿ ಕೆಲವರನ್ನು ಬಸ್ ನಿಲ್ದಾಣದಲ್ಲೋ ಸಂತೆಯಲ್ಲೋ ಕಂಡು ಮಾತನಾಡಿಸಿದಾಗ ನನಗೆ ತಿಳಿದ ಸಂಗತಿ ಏನೆಂದರೆ, ಅವರಿಗೆ ಆದರದ ಕೊರತೆ ಆಗಿರಲಿಲ್ಲ. ಮುಂದೆ ಏನು ನಡೆಯಲಿದೆ, ಅದರಲ್ಲಿ ತಾವು ಏನು ಮಾಡಬೇಕು ಎಂಬುದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಒಂದು ಪ್ರಸಂಗವನ್ನು ಮುಚ್ಚಿಡದೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ತಿಂಗಳ ಮೊದಲ ಭಾನುವಾರ, ಕರ್ತನ ಭೋಜನದ ದಿನ, ಅಂದರೆ ಯೇಸುವಿನ ಹೆಸರಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ದಿನ, ತೋಟದ ಕಾರ್ಮಿಕರ ಲೈನ್ ಮನೆಯಿಂದ ಬಂದ ತಾಯಿಯೊಬ್ಬರು ಎಲ್ಲರ ಹಿಂದೆ ಎದ್ದು ಪೀಠದ ಮುಂದಿನ ಕಟಕಟೆಯ ಬಳಿ ಮೊಣಕಾಲೂರಿದರು. ಅವರಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರ, ಆಗಿರಲಿಲ್ಲ. ಅದಾಗದವರು ಭೋಜನ ತೆಗೆದುಕೊಳ್ಳುವುದು ನಮ್ಮಲ್ಲಿ ರೂಢಿಯಲ್ಲ. ಅಂದು ರೊಟ್ಟಿಯ ತಟ್ಟೆ ಹಿಡಿದಿದ್ದ ನಾನು ಗಾಬರಿಯಲ್ಲಿ ಅವರನ್ನು ದಾಟಿ ಪಕ್ಕದವರಿಗೆ ಕೊಟ್ಟುಬಿಟ್ಟೆ. ಚಾಚಿದ ಕೈ ಹಾಗೆಯೇ ಸ್ವಲ್ಪ ಹೊತ್ತು ಇದ್ದು ಸೆರಗಿನೊಳಕ್ಕೆ ಸರಿಯಿತು. ಆರಾಧನೆ ಮುಗಿಯುವ ಮೊದಲೇ ಅವರು ಎದ್ದು ಹೋದರು. ಆ ತಾಯಿಯದು ತಪ್ಪಿರಲಿಲ್ಲ. ಆರಾಧನೆಗೆ ಮೊದಲು ಅವರ ಪಕ್ಕದಲ್ಲಿ ಕೂತು ನಾಲ್ಕು ಮಾತು ಹೇಳದಿದ್ದ ನಮ್ಮದೇ ತಪ್ಪು. ಈ ಬರಹದಲ್ಲಿರುವ ಸಲಹೆಗಳೆಲ್ಲ ಆ ಭಾನುವಾರದ ನಂತರ ನಾವು ಒಂದೊಂದಾಗಿ ಕಲಿತವು.

ಬರುವವರು ಯಾರೆಂದು ತಿಳಿಯುವುದು

ಹೊಸಬರೆಂದರೆ ಒಂದೇ ಬಗೆಯವರಲ್ಲ. ನಮ್ಮ ಜಿಲ್ಲೆಯಲ್ಲಿ ಒಂದು ಬೆಂಚಿನ ಮೇಲೆ ಕೂತ ಐದು ಮಂದಿಯ ಮನೆಮಾತು ಐದು ಇರಬಹುದು: ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತಮಿಳು, ತುಳು. ಕಾಫಿ ಕುಯ್ಲಿನ ಕಾಲಕ್ಕೆ ಅಸ್ಸಾಮ್, ಜಾರ್ಖಂಡ್ ಕಡೆಯಿಂದ ಬಂದವರು ಸೇರಿದರೆ ಹಿಂದಿಯೂ ಬೇಕಾಗುತ್ತದೆ. ಬ್ಯಾಂಕಿಗೋ ಶಾಲೆಗೋ ವರ್ಗವಾಗಿ ಬಂದ ಕುಟುಂಬಗಳಿವೆ, ಆಸ್ಪತ್ರೆಯ ದಾದಿಯರಿದ್ದಾರೆ, ಕ್ರೈಸ್ತ ಮನೆಗೆ ಸೊಸೆಯಾಗಿಯೋ ಅಳಿಯನಾಗಿಯೋ ಬಂದವರಿದ್ದಾರೆ, ಕಾಯಿಲೆಯ ಹೊತ್ತಿನಲ್ಲಿ ಪ್ರಾರ್ಥನೆ ಮಾಡಿಸಿಕೊಂಡು, ಆ ಋಣದಿಂದಲೋ ಕುತೂಹಲದಿಂದಲೋ ಬಂದು ಕೂರುವ ನೆರೆಹೊರೆಯವರಿದ್ದಾರೆ. ಇವರೆಲ್ಲರಿಗೂ ಒಂದೇ ಸ್ವಾಗತ ಭಾಷಣ ಸಾಲದು.

ಬೇರೆ ಸಭೆಗಳಿಂದ ಬರುವವರ ಹಿನ್ನೆಲೆಯನ್ನು ಸ್ವಲ್ಪವಾದರೂ ಅರಿತಿರಬೇಕು. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಪರಂಪರೆಯಲ್ಲಿ ಬೆಳೆದ ಕಥೋಲಿಕರಿಗೆ ನಮ್ಮ ದೀಕ್ಷಾಸ್ನಾನ ಎಂಬ ಮಾತಿಗಿಂತ ಜ್ಞಾನಸ್ನಾನ ಎಂಬುದು ಪರಿಚಿತ. ಕರ್ತನ ಭೋಜನವನ್ನು ಅವರು ಪರಮಪ್ರಸಾದ ಎನ್ನುತ್ತಾರೆ. ಪದ ಬದಲಾದಾಗ ಅರ್ಥವೂ ಬದಲಾಗಿದೆಯೇ ಎಂದು ಅವರು ಅನುಮಾನಿಸುವುದು ಸಹಜ. ಮೈಸೂರಿನಿಂದ ಬಂದವರು ‘ನಾವೂ ವೆಸ್ಲಿ ಚರ್ಚಿನವರೇ’ ಎಂದರೆ ಅದೂ ನಿಜವೇ. ಮೆಥೊಡಿಸ್ಟ್ ಪಂಥವನ್ನು ಆರಂಭಿಸಿದವರು ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿ. ಬ್ರಿಟಿಷ್ ವೆಸ್ಲಿಯನ್ ಮಿಷನ್ನಿನ ಸಭೆಗಳು 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ ಸಿ.ಎಸ್.ಐ.ಯಲ್ಲಿ ಸೇರಿಹೋದವು, ಮೈಸೂರಿನ ವೆಸ್ಲಿ ಕ್ಯಾಥೆಡ್ರಲ್ ಇಂದು ಸಿ.ಎಸ್.ಐ.ಗೆ ಸೇರಿದ್ದು. ಅಮೆರಿಕದ ಮೆಥೊಡಿಸ್ಟರ ಕವಲು, 1856ರಲ್ಲಿ ವಿಲಿಯಂ ಬಟ್ಲರ್ ಭಾರತಕ್ಕೆ ಬಂದಾಗ ಆರಂಭವಾದದ್ದು, ಬೇರೆಯಾಗಿಯೇ ಬೆಳೆದು 1981ರಲ್ಲಿ ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ ಎಂಬ ಸ್ವಾಯತ್ತ ಸಭೆಯಾಯಿತು. ಕೊಡಗಿನಲ್ಲಿ ಪ್ರೊಟೆಸ್ಟೆಂಟ್ ಬೋಧನೆಯ ಬೇರು ಹೆಚ್ಚಾಗಿ ಇವೆರಡರದೂ ಅಲ್ಲ, ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನದು. ಕನ್ನಡದ ಮೊದಲ ಪತ್ರಿಕೆಯನ್ನು ಹೊರತಂದ ಹರ್ಮನ್ ಮೊಗ್ಲಿಂಗ್ 1853ರಲ್ಲಿ ಇಲ್ಲಿಗೆ ಬಂದು, ಮುಂದೆ ಅಮ್ಮತ್ತಿಯ ಬಳಿ ಆನಂದಪುರವನ್ನು ಕಟ್ಟಿದರು. ಇಷ್ಟನ್ನು ಬಾಗಿಲಲ್ಲೇ ನಿಂತು ಹೊಸಬರಿಗೆ ಒಪ್ಪಿಸಬೇಕೆಂದಲ್ಲ. ಯಾರು ಯಾವ ಮನೆಯಿಂದ ಬಂದಿದ್ದಾರೆ ಎಂದು ತಿಳಿದಿದ್ದರೆ ನಮ್ಮ ಮಾತು ಹದವಾಗಿರುತ್ತದೆ, ಅಷ್ಟೇ.

ಮೊದಲ ಭಾನುವಾರ

ಬಾಗಿಲಲ್ಲಿ ಇಬ್ಬರು ನಿಲ್ಲಲಿ, ಒಬ್ಬರು ಗಂಡಸು, ಒಬ್ಬರು ಹೆಂಗಸು. ನಾಲ್ಕು ಮಂದಿ ಸಾಲಾಗಿ ನಿಂತು ಕೈಕುಲುಕಿದರೆ ಮದುವೆ ಮಂಟಪದಂತೆ ಕಾಣುತ್ತದೆ ಮತ್ತು ಸಂಕೋಚದವರು ಹಿಂದಿರುಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಇಡಲು ಒಂದು ಬಕೆಟ್, ಕಾಲೊರೆಸಿಕೊಳ್ಳಲು ಗೋಣಿಚೀಲ ಇಟ್ಟಿರಲಿ. ಚಪ್ಪಲಿ ಹೊರಗೆ ಬಿಡುವ ರೂಢಿ ನಿಮ್ಮಲ್ಲಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಎಲ್ಲರ ಬರಿಗಾಲುಗಳ ನಡುವೆ ತನ್ನ ಬೂಟು ಮಾತ್ರ ಸದ್ದು ಮಾಡುತ್ತಿದೆ ಎಂದು ಬೋಧಕರ ಉಪದೇಶದ ನಡುವೆ ಅರಿವಾದವರ ಮುಜುಗರವನ್ನು ನಾನು ನೋಡಿದ್ದೇನೆ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುವ ಹಳೆಯ ಪದ್ಧತಿ ಇನ್ನೂ ಇರುವ ಕಡೆ ಹೊಸ ಕುಟುಂಬವನ್ನು ಒಡೆಯಬೇಡಿ. ಅವರು ಒಟ್ಟಿಗೆ ಕೂರಲಿ, ಹಳಬರು ಒಂದು ದಿನ ಸಹಿಸಿಕೊಳ್ಳಲಿ.

ಹೊಸಬರ ಪಕ್ಕದಲ್ಲಿ ಕೂರುವುದಕ್ಕೆ ಒಬ್ಬರನ್ನು ಗೊತ್ತುಮಾಡುವುದು ಬಾಗಿಲಲ್ಲಿ ನಿಲ್ಲುವವರಿಗಿಂತ ಮುಖ್ಯ. ಆ ಒಬ್ಬರ ಕೆಲಸ ಸರಳ: ಕೀರ್ತನೆಯ ಸಂಖ್ಯೆಯನ್ನು ತೆರೆದು ಕೊಡುವುದು, ಸತ್ಯವೇದದ ಭಾಗವನ್ನು ಹುಡುಕಿ ಕೊಡುವುದು, ಎಲ್ಲರೂ ಏಳುವ ಮೊದಲು ಮೆಲ್ಲನೆ ‘ಈಗ ಏಳುತ್ತೇವೆ’ ಎನ್ನುವುದು. ಕಾಣಿಕೆಯ ಚೀಲ ಬರುವ ಮೊದಲೇ, ‘ಇದು ಸಭೆಯವರ ಕಾಣಿಕೆ, ನೀವು ಹಾಕಲೇಬೇಕೆಂದಿಲ್ಲ, ಮುಂದಕ್ಕೆ ಕೊಟ್ಟರೆ ಸಾಕು’ ಎಂದು ಹೇಳುವುದನ್ನು ಮರೆಯಬಾರದು. ದಿನಗೂಲಿಯವರು ಜೇಬಿನಲ್ಲಿದ್ದ ಬಸ್ಸಿನ ಹಣವನ್ನೇ ಹಾಕಿ ನಡೆದು ಮನೆ ಸೇರಿದ್ದುಂಟು. ಅಪೊಸ್ತಲರ ವಿಶ್ವಾಸಪ್ರಮಾಣ ಮತ್ತು ಕರ್ತನು ಕಲಿಸಿದ ಪ್ರಾರ್ಥನೆಯನ್ನು ಎಲ್ಲರೂ ಬಾಯಿಪಾಠವಾಗಿ ಹೇಳುವಾಗ ಹೊಸಬರು ಒಂಟಿಯಾಗುವುದು ಇನ್ನೂ ಹೆಚ್ಚು. ಎರಡನ್ನೂ ದಪ್ಪ ಅಕ್ಷರದಲ್ಲಿ ಒಂದು ಹಾಳೆಯಲ್ಲಿ ಅಚ್ಚುಹಾಕಿಸಿ ಕೀರ್ತನೆ ಪುಸ್ತಕದೊಳಗೆ ಇಡಿ. ಓದು ಬಾರದವರಿಗೆ ಹಾಳೆಯನ್ನು ಕೈಗೆ ತುರುಕಬೇಡಿ. ಕೇಳಿಸಿಕೊಂಡರೆ ಸಾಕು ಎಂದು ತಿಳಿಸಿ.

ಆರಾಧನೆಯ ನಡುವೆ ಹೊಸಬರನ್ನು ಎದ್ದು ನಿಲ್ಲಿಸಿ ಹೆಸರು, ಊರು ಹೇಳಿಸುವ ಪದ್ಧತಿ ಹಲವು ಸಭೆಗಳಲ್ಲಿದೆ. ನನ್ನ ಮಟ್ಟಿಗೆ ಅದನ್ನು ಬಿಡುವುದು ಲೇಸು. ವರ್ಗವಾಗಿ ಬಂದ ಅಧಿಕಾರಿಗೆ ಅದು ಸಂತೋಷದ ವಿಷಯವಾಗಬಹುದು, ಆದರೆ ಮನೆಯವರಿಗೆ ಹೇಳದೆ ಬಂದು ಹಿಂದಿನ ಬೆಂಚಿನಲ್ಲಿ ಕೂತ ನೆರೆಯವರಿಗೆ ಆ ನಿಮಿಷ ನಡುಕ ಹುಟ್ಟಿಸುತ್ತದೆ. ನಮ್ಮದು ಸಣ್ಣ ಊರುಗಳ ಜಿಲ್ಲೆ. ಯಾರು ಎಲ್ಲಿ ಎದ್ದು ನಿಂತರು ಎಂಬುದು ಮಧ್ಯಾಹ್ನದ ಊಟದೊಳಗೆ ತಲುಪಬೇಕಾದವರಿಗೆಲ್ಲ ತಲುಪಿರುತ್ತದೆ. ಆರಾಧನೆಯ ನಂತರ ಕಾಪಿ ಕುಡಿಯುವಾಗ ಹೆಸರು ಕೇಳಿದರೆ ಸಾಕು. ಫೋನ್ ನಂಬರನ್ನು ಕೊಟ್ಟರೆ ಬರೆದುಕೊಳ್ಳಿ, ಕೊಡದಿದ್ದರೆ ಎರಡನೆಯ ಸಲ ಕೇಳಬೇಡಿ.

ಕಾಪಿಯನ್ನೂ ಉದ್ದ ಎಳೆಯಬೇಡಿ. ಭಾನುವಾರವೇ ಸಂತೆಯ ದಿನವೂ ಆಗಿರುವ ಊರುಗಳಲ್ಲಿ ವಾರದ ಸಾಮಾನಿಗೆ ಇರುವುದು ಅದೊಂದೇ ದಿನ, ಹಳ್ಳಿಯ ಕಡೆಯ ಬಸ್ಸುಗಳು ಬೆರಳೆಣಿಕೆಯವು, ಮತ್ತು ಆನೆ ಓಡಾಡುವ ತೋಟದ ದಾರಿಯಲ್ಲಿ ಕತ್ತಲಾದ ಮೇಲೆ ನಡೆಯುವುದು ಕ್ಷೇಮವಲ್ಲ. ಸಂಜೆಯ ಪ್ರಾರ್ಥನಾಕೂಟಕ್ಕೆ ಕರೆಯುವುದಾದರೆ ಅವರನ್ನು ಜೀಪಿನಲ್ಲಿ ಬಿಟ್ಟುಬರುವವರು ಯಾರೆಂದು ಮೊದಲು ನಿಶ್ಚಯಿಸಿಕೊಂಡು ಆಮೇಲೆ ಕರೆಯಿರಿ.

ಮನೆಗೆ ಹೋಗುವ ಮುನ್ನ

ಮನೆ ಭೇಟಿಗೆ ಹೊಸಬರ ಒಪ್ಪಿಗೆ ಬೇಕೇಬೇಕು. ಒಮ್ಮೆ ನಾವು ಉತ್ಸಾಹದಿಂದ ಆರು ಮಂದಿ, ಕೈಯಲ್ಲಿ ಸತ್ಯವೇದ ಹಿಡಿದು, ಒಂದೇ ಬಾರಿ ಬಂದಿದ್ದ ಕುಟುಂಬದ ಅಂಗಳಕ್ಕೆ ಇಳಿದೆವು. ಅಕ್ಕಪಕ್ಕದ ಮನೆಯವರೆಲ್ಲ ಜಗಲಿಗೆ ಬಂದು ನಿಂತರು. ಆ ಕುಟುಂಬ ಮತ್ತೆ ದೇವಾಲಯದ ಕಡೆ ಬರಲಿಲ್ಲ, ಅದಕ್ಕೆ ನಾನು ಅವರನ್ನು ದೂರುವುದೂ ಇಲ್ಲ. ಇಬ್ಬರು ಹೋದರೆ ಸಾಕು. ಮೊದಲ ಭೇಟಿಯಲ್ಲಿ ಅವರಾಗಿ ಕೇಳದೆ ಪ್ರಾರ್ಥನೆ ಮಾಡುವುದೂ ಬೇಡ.

ಇಲ್ಲಿ ಇನ್ನೊಂದು ಎಚ್ಚರ ಅಗತ್ಯ. ಭೂಕುಸಿತ, ಪ್ರವಾಹದ ವರ್ಷಗಳಲ್ಲಿ ಸಭೆಗಳು ಅಕ್ಕಿ, ಕಂಬಳಿ ಹಂಚಿದ್ದು ಒಳ್ಳೆಯ ಕೆಲಸ. ಆದರೆ ಅಕ್ಕಿ ಕೊಟ್ಟ ಕೈಯಿಂದಲೇ ದೀಕ್ಷಾಸ್ನಾನದ ಅರ್ಜಿಯನ್ನು ಚಾಚಬಾರದು. ನೆರವು ಪಡೆದವರು ಆರಾಧನೆಗೆ ಬಂದರೆ, ಬಾರದಿದ್ದರೂ ನೆರವು ನಿಲ್ಲುವುದಿಲ್ಲವೆಂದು ಸ್ಪಷ್ಟವಾಗಿ, ಸಾಕ್ಷಿಗಳ ಎದುರು ಹೇಳಿಬಿಡಿ. ಸಂವಿಧಾನದ 25ನೆಯ ವಿಧಿ ಕೊಡುವ ಆತ್ಮಸಾಕ್ಷಿಯ ಸ್ವಾತಂತ್ರ್ಯದಲ್ಲಿ ಬೇಡವೆನ್ನುವ ಸ್ವಾತಂತ್ರ್ಯವೂ ಸೇರಿದೆ.

ದೀಕ್ಷಾಸ್ನಾನವನ್ನು ವಿವರಿಸುವುದು

ಮೆಥೊಡಿಸ್ಟರಿಗೆ ಸಂಸ್ಕಾರಗಳು ಎರಡೇ: ದೀಕ್ಷಾಸ್ನಾನ ಮತ್ತು ಕರ್ತನ ಭೋಜನ. ಜಾನ್ ವೆಸ್ಲಿ 1784ರಲ್ಲಿ ಆಂಗ್ಲಿಕನ್ ಸಭೆಯ 39 ವಿಧಿಗಳನ್ನು ಸಂಕ್ಷೇಪಿಸಿ ಅಮೆರಿಕದ ಮೆಥೊಡಿಸ್ಟರಿಗೆ ಕಳುಹಿಸಿದರು, ಮುಂದೆ ಅವು 25 ಆದವು. ಅವುಗಳಲ್ಲಿ 16ನೆಯದು ಸಂಸ್ಕಾರಗಳನ್ನು ಕುರಿತದ್ದು. ಕ್ರಿಸ್ತನು ತಾನೇ ನೇಮಿಸಿದ ಎರಡನ್ನು ಮಾತ್ರ ಅದು ಸಂಸ್ಕಾರವೆಂದು ಎಣಿಸುತ್ತದೆ. ಮದುವೆ, ದೃಢೀಕರಣ, ಬೋಧಕರ ಅಭಿಷೇಕ ಇವೆಲ್ಲ ನಮ್ಮಲ್ಲೂ ಇವೆ, ಗೌರವದಿಂದಲೇ ನಡೆಯುತ್ತವೆ, ಆದರೆ ಸಂಸ್ಕಾರವೆಂಬ ಹೆಸರು ಅವಕ್ಕಿಲ್ಲ. ಏಳು ಸಂಸ್ಕಾರಗಳ ನಡುವೆ ಬೆಳೆದ ಕಥೋಲಿಕ ಸೊಸೆಗೆ ಇದನ್ನು ಹೇಳುವಾಗ ನಿಮ್ಮ ಐದನ್ನು ನಾವು ಕಿತ್ತುಹಾಕಿದೆವು ಎಂಬ ಧಾಟಿ ಬಾರದಿರಲಿ.

ಹೊಸಬರು ಮೊದಲು ಕೇಳುವುದು ಶಿಶುಗಳ ದೀಕ್ಷಾಸ್ನಾನದ ಬಗ್ಗೆ. ಏನೂ ತಿಳಿಯದ ಕೂಸಿಗೆ ಇದೇಕೆ? ಇದಕ್ಕೆ ಉತ್ತರ ವೆಸ್ಲಿಯ ಬೋಧನೆಯ ನಡುಮನೆಯಲ್ಲೇ ಇದೆ. ಮನುಷ್ಯನು ದೇವರನ್ನು ಹುಡುಕುವ ಮೊದಲೇ ದೇವರ ಕೃಪೆ ಅವನ ಕಡೆಗೆ ಹೊರಟಿರುತ್ತದೆ. ಅದು ಮುಂಚಿತವಾಗಿ ಬರುವ ಕೃಪೆ. ನಂಬಿದವನನ್ನು ನೀತಿವಂತನೆಂದು ಎಣಿಸುವುದು ಎರಡನೆಯದು, ಬಾಳಿನುದ್ದಕ್ಕೂ ಪವಿತ್ರತೆಯಲ್ಲಿ ಬೆಳೆಸುವುದು ಮೂರನೆಯದು. ಕೂಸಿನ ದೀಕ್ಷಾಸ್ನಾನ ಆ ಮೊದಲ ಕೃಪೆಯ ಗುರುತು. ನಮ್ಮ ಸಭೆಯ ಹಿರಿಯರೊಬ್ಬರು, ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು, ಇದನ್ನು ಹೂಮಳೆಗೆ ಹೋಲಿಸುತ್ತಿದ್ದರು: ಮಾರ್ಚ್ ಏಪ್ರಿಲ್‌ನಲ್ಲಿ ಆ ಮಳೆ ಬಿದ್ದರೆ ತಾನೇ ಕಾಫಿ ಗಿಡ ಹೂ ಬಿಡುವುದು, ಗಿಡ ಅರ್ಜಿ ಹಾಕಿ ಮಳೆ ತರಿಸಿತೇ? ಸ್ಪ್ರಿಂಕ್ಲರ್ ಇಟ್ಟಿರುವ ಬೆಳೆಗಾರರು ಈ ಹೋಲಿಕೆಯನ್ನು ಪೂರ್ತಿ ಒಪ್ಪದಿರಬಹುದು, ಆದರೆ ತೋಟದವರಿಗೆ ಇದಕ್ಕಿಂತ ಬೇಗ ಅರ್ಥವಾಗುವ ವಿವರಣೆಯನ್ನು ನಾನು ಕೇಳಿಲ್ಲ. ಹೂವು ಕಾಯಾಗಲು ಹಿಂದಿನಿಂದ ಇನ್ನೊಂದು ಮಳೆ ಬೇಕು ಎಂಬುದನ್ನೂ ಅವರು ಸೇರಿಸುತ್ತಿದ್ದರು. ಅಂದರೆ ಮಗು ಬೆಳೆದು ತಾನೇ ನಂಬಿಕೆಯನ್ನು ಒಪ್ಪಿಕೊಳ್ಳುವ ದೃಢೀಕರಣದ ದಿನ ಬರಲೇಬೇಕು.

ಕ್ರಮವನ್ನು ಮೊದಲೇ ಒಂದು ದಿನ ದೇವಾಲಯದಲ್ಲಿಯೇ ನಿಲ್ಲಿಸಿ ತೋರಿಸಿ. ತಂದೆ ತಾಯಿ ಎಲ್ಲಿ ನಿಲ್ಲಬೇಕು, ಅಯ್ಯನವರು, ಅಂದರೆ ಸಭಾಪಾಲಕರು, ಯಾವ ಪ್ರಶ್ನೆಗಳನ್ನು ಕೇಳುತ್ತಾರೆ, ಉತ್ತರ ಏನು, ಕೂಸನ್ನು ಯಾವಾಗ ಅವರ ಕೈಗೆ ಕೊಡಬೇಕು, ಇದೆಲ್ಲ ಹತ್ತು ನಿಮಿಷದ ಕೆಲಸ. ಪಾಪವನ್ನು ತೊರೆಯುವುದು, ಕ್ರಿಸ್ತನಲ್ಲಿ ಭರವಸೆ ಇಡುವುದು, ಮಗುವನ್ನು ಸಭೆಯ ಬೋಧನೆಯಲ್ಲಿ ಬೆಳೆಸುವುದು ಎಂಬ ವಾಗ್ದಾನಗಳನ್ನು ಅವರು ಅರ್ಥ ತಿಳಿದು ಮಾಡಬೇಕು. ಸಭೆಯವರೂ ಎದ್ದು ನಿಂತು ಆ ಮಗುವಿನ ಹೊಣೆಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ. ಬಹಳ ಸಲ ಹಳಬರು ಈ ಭಾಗವನ್ನು ಗೊಣಗಿ ಮುಗಿಸುತ್ತಾರೆ, ಇದನ್ನು ಅವರಿಗೂ ನೆನಪಿಸಬೇಕು. ಮುಂದಿನದು ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನೀರು. ಚಿಮುಕಿಸುವುದು, ತಲೆಯ ಮೇಲೆ ಸುರಿಯುವುದು, ಮುಳುಗಿಸುವುದು ಮೂರೂ ನಮ್ಮಲ್ಲಿ ಸಲ್ಲುತ್ತವೆ. ರೂಢಿಯಲ್ಲಿ ಹೆಚ್ಚಿರುವುದು ಮೊದಲನೆಯದು. ಕೊಡಗಿನ ಡಿಸೆಂಬರ್ ಬೆಳಿಗ್ಗೆ ನೀರನ್ನು ಸ್ವಲ್ಪ ಬೆಚ್ಚಗೆ ಮಾಡಿದರೆ ಧರ್ಮಶಾಸ್ತ್ರಕ್ಕೆ ಯಾವ ಊನವೂ ಇಲ್ಲ.

ಬೇರೆ ಕ್ರೈಸ್ತ ಸಭೆಯಲ್ಲಿ ತ್ರಯೈಕ್ಯ ದೇವರ ಹೆಸರಿನಲ್ಲಿ ದೀಕ್ಷಾಸ್ನಾನವಾದವರಿಗೆ ನಾವು ಎರಡನೆಯ ಬಾರಿ ಕೊಡುವುದಿಲ್ಲ. ಕಥೋಲಿಕರಿಗೂ ಸಿರಿಯನ್ ಕ್ರೈಸ್ತರಿಗೂ ಸಿ.ಎಸ್.ಐ.ಯವರಿಗೂ ಇದು ನೆಮ್ಮದಿಯ ಸುದ್ದಿ. ಕಷ್ಟ ಬರುವುದು ಇನ್ನೊಂದು ಕಡೆಯಿಂದ: ನಮ್ಮಲ್ಲೇ ಕೂಸಾಗಿದ್ದಾಗ ದೀಕ್ಷಾಸ್ನಾನ ಪಡೆದ ಯುವಕ ಬೆಂಗಳೂರಿನಲ್ಲಿ ಯಾವುದೋ ಕೂಟಕ್ಕೆ ಹೋಗಿಬಂದು, ಹೊಳೆಯಲ್ಲಿ ಮುಳುಗಿದರೇ ನಿಜವಾದದ್ದು ಎಂದು ವಾದ ಹೂಡುತ್ತಾನೆ. ಅವನನ್ನು ಗದರಬೇಡಿ. ದೇವರು ಕೊಟ್ಟ ಮಾತು ಒಮ್ಮೆ ಕೊಟ್ಟರೆ ಮುಗಿಯಿತು, ನಾವು ನಮ್ಮ ಮಾತನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳಬಹುದು ಎಂದು ವಿವರಿಸಿ, ಹೊಸ ವರ್ಷದ ಒಡಂಬಡಿಕೆಯ ಆರಾಧನೆಗೆ ಕರೆಯಿರಿ. ವೆಸ್ಲಿ 1755ರಲ್ಲಿ ಲಂಡನ್ನಿನಲ್ಲಿ ಆರಂಭಿಸಿದ ಈ ಆರಾಧನೆ ಇರುವುದೇ ಇಂಥ ತಹತಹಕ್ಕೆ.

ಬೇರೆ ಧರ್ಮದಲ್ಲಿ ಹುಟ್ಟಿ ದೀಕ್ಷಾಸ್ನಾನ ಕೇಳುವ ವಯಸ್ಕರ ವಿಷಯದಲ್ಲಿ ಅವಸರ ಸಲ್ಲದು. ಕೆಲವು ತಿಂಗಳ ಬೋಧನೆ, ಮನೆಯವರೊಂದಿಗೆ ಮಾತುಕತೆ, ಸ್ವಂತ ಕೈಬರಹದ ಕೋರಿಕೆ ಇವು ಇರಲಿ. ಆ ಹೊತ್ತಿಗೆ ಜಾರಿಯಲ್ಲಿರುವ ರಾಜ್ಯದ ಕಾನೂನು ಏನು ಕೇಳುತ್ತದೆ ಎಂದು ವಕೀಲರೊಬ್ಬರಿಂದ ತಿಳಿದುಕೊಳ್ಳಿ. ಮತ್ತೊಂದು ಮಾತನ್ನು ನಾವು ಸಾಮಾನ್ಯವಾಗಿ ನುಂಗಿಕೊಳ್ಳುತ್ತೇವೆ, ನುಂಗಬಾರದು. ಪರಿಶಿಷ್ಟ ಜಾತಿಗಳ ಕುರಿತ 1950ರ ಸಂವಿಧಾನ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧ ಧರ್ಮಗಳವರನ್ನು ಬಿಟ್ಟು ಬೇರೆಯವರನ್ನು ಪರಿಶಿಷ್ಟ ಜಾತಿಯವರೆಂದು ಪರಿಗಣಿಸುವುದಿಲ್ಲ. ಯರವ, ಜೇನುಕುರುಬ ಮುಂತಾದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಧರ್ಮದ ಷರತ್ತು ಇಲ್ಲ. ಮಗಳ ಹಾಸ್ಟೆಲ್ ಸೀಟು, ಮಗನ ನೌಕರಿಯ ಅರ್ಜಿ ಈ ಪ್ರಮಾಣಪತ್ರದ ಮೇಲೆ ನಿಂತಿರುವ ಮನೆಗೆ ಇದು ಸಣ್ಣ ವಿಷಯವಲ್ಲ. ಇದನ್ನು ತಿಳಿಸಿದರೆ ಅವರು ಹಿಂದೆ ಸರಿಯಬಹುದಲ್ಲ ಎಂದು ನಮ್ಮ ಸಮಿತಿಯಲ್ಲಿ ಒಬ್ಬರು ಕೇಳಿದರು. ಸರಿಯಬಹುದು. ತಿಳಿಯದೆ ಮುಂದೆ ಬಂದು, ಐದು ವರ್ಷದ ನಂತರ ತಹಸೀಲ್ದಾರರ ಕಚೇರಿಯ ಮುಂದೆ ನಿಂತು ನಮ್ಮನ್ನು ಶಪಿಸುವುದಕ್ಕಿಂತ ಅದು ಮೇಲು.

ಕರ್ತನ ಭೋಜನಕ್ಕೆ ಸಿದ್ಧಮಾಡುವುದು

ಆ ತಾಯಿಯ ಪ್ರಸಂಗದಿಂದ ನಾವು ಮಾಡಿಕೊಂಡ ಮೊದಲ ಬದಲಾವಣೆ ಇದು: ಭೋಜನದ ಭಾನುವಾರ, ಆರಾಧನೆ ಆರಂಭವಾಗುವ ಮೊದಲು, ಯಾರು ಮುಂದೆ ಬರಬಹುದು, ಬರಲಾಗದವರು ಏನು ಮಾಡಬಹುದು ಎಂದು ಅಯ್ಯನವರು ಎರಡು ನಿಮಿಷ ಸರಳ ಕನ್ನಡದಲ್ಲಿ ಹೇಳುತ್ತಾರೆ, ಬೇಕಾದಾಗ ತಮಿಳು, ಮಲಯಾಳದಲ್ಲಿ ಇನ್ನೊಬ್ಬರು ಹೇಳುತ್ತಾರೆ. ಭೋಜನಕ್ಕೆ ಯಾರನ್ನು ಕರೆಯಬೇಕು ಎಂಬುದರಲ್ಲಿ ಲೋಕದ ಮೆಥೊಡಿಸ್ಟ್ ಸಭೆಗಳೆಲ್ಲ ಒಂದೇ ರೀತಿ ನಡೆಯುವುದಿಲ್ಲ. ಕೆಲವು ಕಡೆ ಮೇಜು ಎಲ್ಲರಿಗೂ ತೆರೆದಿದೆ. ನಮ್ಮಂಥ ಸಭೆಗಳಲ್ಲಿ ದೀಕ್ಷಾಸ್ನಾನವಾಗಿ ನಂಬಿಕೆಯನ್ನು ಒಪ್ಪಿಕೊಂಡವರು ತೆಗೆದುಕೊಳ್ಳುವುದು ರೂಢಿ. ನಿಮ್ಮಲ್ಲಿ ಯಾವ ಕ್ರಮವಿದೆಯೋ ಅದನ್ನು ಸಭಾಪಾಲಕರ ಬಾಯಿಂದಲೇ ಹೇಳಿಸಿ. ಪಕ್ಕದಲ್ಲಿ ಕೂತವರು ತಮಗೆ ತೋಚಿದ ಕಾನೂನು ಮಾಡಬಾರದು.

ತೆಗೆದುಕೊಳ್ಳದವರೂ ಮುಂದೆ ಬರಲಿ, ಎದೆಯ ಮೇಲೆ ಕೈಕಟ್ಟಿ ಮೊಣಕಾಲೂರಲಿ, ಅವರ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತೇವೆ ಎಂಬ ಏರ್ಪಾಡನ್ನು ನಾವು ಮಾಡಿಕೊಂಡೆವು. ಇದರಿಂದ ಬೆಂಚಿನಲ್ಲಿ ಒಬ್ಬರೇ ಉಳಿಯುವ ಸ್ಥಿತಿ ತಪ್ಪಿತು. ಚಿಕ್ಕ ಮಕ್ಕಳೂ ಹೀಗೆಯೇ ಬರುತ್ತಾರೆ. ಮೊಣಕಾಲು ನೋಯುವವರು ನಿಂತೇ ತೆಗೆದುಕೊಳ್ಳಬಹುದು. ಮೆಟ್ಟಿಲು ಹತ್ತಲಾಗದವರ ಬಳಿಗೆ ತಟ್ಟೆ ಮತ್ತು ಲೋಟವೇ ಹೋಗುತ್ತದೆ.

ಏನು ಕೊಡುತ್ತಾರೆ ಎಂಬುದನ್ನೂ ಮುಂಚೆಯೇ ತಿಳಿಸಬೇಕು. ಮೆಥೊಡಿಸ್ಟರ ಲೋಟದಲ್ಲಿ ಇರುವುದು ಹುದುಗದ ದ್ರಾಕ್ಷಾರಸ, ವೈನ್ ಅಲ್ಲ. ರಸ್ತೆಬದಿಯ ಅಂಗಡಿ ಅಂಗಡಿಯಲ್ಲೂ ‘ಹೋಮ್‌ಮೇಡ್ ವೈನ್’ ಎಂಬ ಫಲಕ ತೂಗುವ ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳದಿದ್ದರೆ ಜನ ತಮ್ಮಷ್ಟಕ್ಕೆ ಊಹಿಸಿಕೊಳ್ಳುತ್ತಾರೆ. ಇದರ ಹಿಂದೆ ಪಾನವಿರೋಧದ ಕಾಳಜಿಯಿದೆ. 1869ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಥಾಮಸ್ ಬ್ರಾಮ್‌ವೆಲ್ ವೆಲ್ಚ್ ಎಂಬ ಮೆಥೊಡಿಸ್ಟ್ ದಂತವೈದ್ಯರು ದ್ರಾಕ್ಷಿಯ ರಸವನ್ನು ಕಾಯಿಸಿ, ಹುದುಗದಂತೆ ಸೀಸೆಯಲ್ಲಿ ಕಾಪಿಡುವ ವಿಧಾನವನ್ನು ಕಂಡುಕೊಂಡದ್ದು ತಮ್ಮ ಸಭೆಯ ಭೋಜನದ ಮೇಜಿಗಾಗಿಯೇ. ಕುಡಿತ ಬಿಟ್ಟು ಆರು ತಿಂಗಳಾದ ಮನುಷ್ಯನಿಗೆ ಒಂದು ಗುಟುಕೂ ಅಪಾಯ ಎಂಬುದು ತೋಟದ ಲೈನ್ ಮನೆಗಳನ್ನು ಬಲ್ಲವರಿಗೆ ಗೊತ್ತು. ನಾವು ಕಪ್ಪು ದ್ರಾಕ್ಷಿಯನ್ನು ಶನಿವಾರ ಸಂಜೆ ತೊಳೆದು, ಸ್ವಲ್ಪ ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಶೋಧಿಸಿ, ತಣ್ಣಗಾದ ಮೇಲೆ ಫ್ರಿಜ್‌ನಲ್ಲಿ ಇಡುತ್ತೇವೆ. ಮರುದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಈ ಕೆಲಸಕ್ಕೆ ಹೊಸಬರನ್ನೇ ಜೊತೆಗೆ ಕರೆದುಕೊಳ್ಳಿ. ದ್ರಾಕ್ಷಿ ಬಿಡಿಸುತ್ತಾ ಕೂತಾಗ ಬರುವ ಪ್ರಶ್ನೆಗಳು ತರಗತಿಯಲ್ಲಿ ಬರುವುದಿಲ್ಲ.

ಆ ಪ್ರಶ್ನೆಗಳಲ್ಲಿ ಹೆಚ್ಚು ಕೇಳುವುದು ಇದು: ರೊಟ್ಟಿ ನಿಜವಾಗಿಯೂ ಶರೀರವಾಗುತ್ತದೆಯೇ? ರೊಟ್ಟಿಯ ವಸ್ತು ಬದಲಾಗುತ್ತದೆ ಎಂದು ಮೆಥೊಡಿಸ್ಟರು ಬೋಧಿಸುವುದಿಲ್ಲ. ಹಾಗೆಂದು ಅದು ಬರಿಯ ನೆನಪಿನ ಆಚರಣೆ ಎಂದೂ ಹೇಳುವುದಿಲ್ಲ. ಕ್ರಿಸ್ತನು ಅಲ್ಲಿ ಆತ್ಮಿಕ ರೀತಿಯಲ್ಲಿ ಇದ್ದಾನೆ, ನಂಬಿಕೆಯಿಂದ ತೆಗೆದುಕೊಳ್ಳುವವರಿಗೆ ತನ್ನನ್ನು ಕೊಡುತ್ತಾನೆ, ಹೇಗೆ ಎಂಬುದು ನಮ್ಮ ಅಳತೆಗೆ ಮೀರಿದ್ದು. ಇಷ್ಟು ಹೇಳಿದರೆ ಸಾಕು. ವೆಸ್ಲಿ ಇದನ್ನು ಕೃಪಾಸಾಧನಗಳಲ್ಲಿ, ಅಂದರೆ ದೇವರ ಕೃಪೆ ನಮ್ಮನ್ನು ತಲುಪುವ ದಾರಿಗಳಲ್ಲಿ, ಒಂದೆಂದು ಕರೆದು, ಸಾಧ್ಯವಾದಾಗಲೆಲ್ಲ ತೆಗೆದುಕೊಳ್ಳಬೇಕೆಂದು ಒತ್ತಾಯಿಸಿದರು. ತಿಂಗಳಿಗೊಮ್ಮೆ ಸಾಕೆನ್ನುವ ನಾವು ಆ ಮಾತಿಗೆ ಹಿಂದೆ ಬಿದ್ದಿದ್ದೇವೆ.

‘ನಾನು ಯೋಗ್ಯಳಲ್ಲ’ ಎಂದು ಹಿಂಜರಿಯುವವರಿಗೆ ವೆಸ್ಲಿಯ ತಾಯಿ ಸುಸನ್ನಾರ ಪ್ರಸಂಗವನ್ನು ನಾನು ಹೇಳುವುದುಂಟು. ಪಾದ್ರಿಯ ಮಗಳು, ಪಾದ್ರಿಯ ಹೆಂಡತಿ, ಪಾದ್ರಿಗಳ ತಾಯಿ. ಆದರೂ ತನ್ನ ಪಾಪ ಕ್ಷಮಿಸಲ್ಪಟ್ಟಿದೆ ಎಂಬ ನಿಶ್ಚಯ ಆಕೆಗೆ ಬಂದದ್ದು ಎಪ್ಪತ್ತರ ಅಂಚಿನಲ್ಲಿ, ಅಳಿಯ ಲೋಟವನ್ನು ಕೈಗೆ ಕೊಡುತ್ತಾ ನಿನಗಾಗಿ ಸುರಿಸಿದ ರಕ್ತ ಎಂಬ ಮಾತನ್ನು ಹೇಳಿದ ಗಳಿಗೆಯಲ್ಲಿ. ಮಗ ಅದನ್ನು 1739ರ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಪಶ್ಚಾತ್ತಾಪ, ನೆರೆಯವರೊಂದಿಗೆ ಪ್ರೀತಿ, ಹೊಸದಾಗಿ ಬಾಳುವ ಸಂಕಲ್ಪ, ನಮ್ಮ ಹಳೆಯ ಆರಾಧನಾ ಕ್ರಮದ ಆಹ್ವಾನ ಕೇಳುವುದು ಈ ಮೂರನ್ನು. ನಡುವಿನದು ನಮಗೆ ಹೆಚ್ಚು ಕಷ್ಟ. ಬೇಲಿಯ ತಗಾದೆಯಿಂದ ವರ್ಷಗಟ್ಟಲೆ ಮಾತು ಬಿಟ್ಟ ಇಬ್ಬರು ಹಳಬರು ಕಟಕಟೆಯ ಎರಡು ತುದಿಯಲ್ಲಿ ಮೊಣಕಾಲೂರುವುದನ್ನು ಹೊಸಬರು ಬೇಗ ಗಮನಿಸುತ್ತಾರೆ, ಮತ್ತು ಆ ಬಗ್ಗೆ ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಸದಸ್ಯತ್ವ ಮತ್ತು ಆಮೇಲಿನ ತಿಂಗಳುಗಳು

ಸದಸ್ಯತ್ವದ ತರಬೇತಿಯನ್ನು ಪಾಠದಂತೆ ಮಾಡುವುದಕ್ಕಿಂತ ಸಣ್ಣ ಗುಂಪಿನಲ್ಲಿ ಮಾಡುವುದು ಮೆಥೊಡಿಸ್ಟರ ಹಳೆಯ ದಾರಿ. 1742ರಲ್ಲಿ ಬ್ರಿಸ್ಟಲ್‌ನ ಪ್ರಾರ್ಥನಾಮಂದಿರದ ಸಾಲ ತೀರಿಸಲು, ಸುಮಾರು 12 ಮಂದಿಗೆ ಒಬ್ಬ ಮುಖಂಡ ವಾರಕ್ಕೊಂದು ಪೆನ್ನಿ ಸಂಗ್ರಹಿಸಬೇಕೆಂದು ಗೊತ್ತಾಯಿತು. ಹಣ ಕೇಳಲು ಮನೆಮನೆಗೆ ಹೋದ ಮುಖಂಡರ ಕಣ್ಣಿಗೆ ಕಾಯಿಲೆ, ಜಗಳ, ಕುಡಿತ ಎಲ್ಲವೂ ಬಿದ್ದವು. ಸಾಲ ವಸೂಲಿಯ ಏರ್ಪಾಡು ಹೀಗೆ ಆತ್ಮಗಳ ಪಾಲನೆಯ ಏರ್ಪಾಡಾಯಿತು. ನಾವು ಐದಾರು ಮನೆಗಳನ್ನು ಸೇರಿಸಿ, ಬುಧವಾರವೋ ಗುರುವಾರವೋ, ಯಾರಾದರೊಬ್ಬರ ಮನೆಯಲ್ಲಿ ಒಂದು ಗಂಟೆ ಕೂರುತ್ತೇವೆ. ಕುಯ್ಲಿನ ತಿಂಗಳುಗಳಲ್ಲಿ ಯಾರೂ ಬರಲಾರರು, ಆಗ ನಿಲ್ಲಿಸುತ್ತೇವೆ. ಅದಕ್ಕಾಗಿ ಯಾರೂ ಬೇಸರಪಡುವುದಿಲ್ಲ.

ಪ್ರಾರ್ಥನೆ, ಹಾಜರಿ, ಕಾಣಿಕೆ, ಸೇವೆ ಈ ನಾಲ್ಕರಿಂದ ಸಭೆಯನ್ನು ಎತ್ತಿಹಿಡಿಯುತ್ತೇನೆ ಎಂಬುದು ಸದಸ್ಯರ ವಾಗ್ದಾನ. ಬೇರೆ ಸಭೆಯಿಂದ ಬಂದವರು ವರ್ಗಾವಣೆ ಪತ್ರ ತಂದರೆ ಸಾಕು. ಕೊಡವ ಅಥವಾ ಅರೆಭಾಷೆ ಗೌಡ ಮನೆತನದಿಂದ ಮದುವೆಯಾಗಿ ಬಂದವರು, ಸುಗ್ಗಿಹಬ್ಬವಾದ ಹುತ್ತರಿಗೆ ತವರಿನ ಐನ್‌ಮನೆಗೆ, ಅಂದರೆ ಕುಲದ ಮೂಲಮನೆಗೆ, ಹೋಗಬಹುದೇ ಎಂದು ಅಳುಕುತ್ತಾ ಕೇಳುತ್ತಾರೆ. ಮೊದಲ ತಿಂಗಳಲ್ಲೇ ಬೇಡಗಳ ಪಟ್ಟಿ ಒಪ್ಪಿಸುವವರನ್ನು ಅವರಿಂದ ದೂರವಿಡಿ. ತಂದೆ ತಾಯಿಯನ್ನು ಕಾಣುವುದು, ಜೊತೆಗೆ ಕೂತು ಉಣ್ಣುವುದು ಯಾವ ವಾಗ್ದಾನಕ್ಕೂ ವಿರೋಧವಲ್ಲ. ಆರಾಧನೆಯ ಪ್ರಶ್ನೆ ಬರುವ ಕಡೆ ಅವರ ಮನಸ್ಸಾಕ್ಷಿ ಏನು ಹೇಳುತ್ತದೆ ಎಂದು ಅಯ್ಯನವರೊಂದಿಗೆ ನಿಧಾನವಾಗಿ ಮಾತನಾಡಲಿ.

ಕೊನೆಯದಾಗಿ ಪುಸ್ತಕದ ಕೆಲಸ. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹೆಸರನ್ನು ಆಧಾರ್ ಕಾರ್ಡಿನಲ್ಲಿ ಇರುವಂತೆಯೇ, ಹುಟ್ಟಿದ ದಿನ, ತಂದೆ ತಾಯಿಯ ಹೆಸರು, ಸಾಕ್ಷಿಗಳ ಸಹಿಯೊಂದಿಗೆ ಅದೇ ದಿನ ಬರೆದು ಮುಗಿಸಿ. ‘ಆಮೇಲೆ ಬರೆಯೋಣ’ ಎಂದು ಬಿಟ್ಟ ಸಾಲುಗಳು ಹಳೆಯ ಪುಸ್ತಕಗಳಲ್ಲಿ ಇಂದಿಗೂ ಖಾಲಿಯಾಗಿವೆ. ಕುಯ್ಲು ಮುಗಿದು ಊರಿಗೆ ಹೊರಡುವ ಕಾರ್ಮಿಕ ಕುಟುಂಬಗಳಿಗೆ ಪ್ರಮಾಣಪತ್ರದ ಎರಡು ಪ್ರತಿಗಳನ್ನು ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ. ಜೊತೆಗೆ ಅವರ ಊರಿನ ಹತ್ತಿರದ ಸಭೆಯ ಬೋಧಕರಿಗೆ ಒಂದು ಚೀಟಿ ಬರೆದು, ಅದರಲ್ಲಿ ಏನು ಬರೆದಿದೆ ಎಂಬುದನ್ನು ಅವರಿಗೆ ಓದಿ ಹೇಳಿ, ಆಮೇಲೆ ಲಕೋಟೆಯನ್ನು ಅಂಟಿಸಿ.